ನೆಗಡಿಗೆ ಮೂಳೆ ಸೂಪೋ, ಕೋಳಿ ಸೂಪೋ?

ಮೊದಲೇ ಹೇಳಿಬಿಡುತ್ತೇನೆ, ಎರಡರಲ್ಲಿ ಯಾವುದೂ ನೆಗಡಿಯ ವೈರಸ್ಸನ್ನು ಕೊಲ್ಲುವುದಿಲ್ಲ. ನೆಗಡಿ ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಅಲ್ಲಿವರೆಗೆ ಮೂಗು, ಗಂಟಲಿಗೆ ಸ್ವಲ್ಪ ಆರಾಮ ಬೇಕು, ಅಲ್ವಾ?

ಅದು ಎರಡರಲ್ಲೂ ಸಿಗುತ್ತದೆ. ಬಿಸಿ ಹಬೆಗೆ ಕಟ್ಟಿದ ಮೂಗು ಸಡಿಲವಾಗುತ್ತದೆ, ಮೈಗೆ ನೀರೂ ಸೇರುತ್ತದೆ. ಆದರೆ ಪರೀಕ್ಷೆ ಮಾಡಿ ನೋಡಿರುವುದು ಕೋಳಿ ಸೂಪನ್ನು. 1978ರಲ್ಲಿ ಅಮೆರಿಕದ ವೈದ್ಯರು ಆರೋಗ್ಯವಂತರಿಗೆ ತಣ್ಣೀರು, ಬಿಸಿನೀರು, ಕೋಳಿ ಸೂಪ್ ಕುಡಿಸಿದರು. ಬಿಸಿನೀರು ಕುಡಿದಾಗಲೂ ಸಿಂಬಳ ಚುರುಕಾಗಿ ಸರಿಯಿತು, ಸೂಪ್ ಕುಡಿದಾಗ ಇನ್ನೂ ಜಾಸ್ತಿ. ಅರ್ಧ ಗಂಟೆಯಲ್ಲಿ ಮತ್ತೆ ಮೊದಲಿನಂತೆ! ಹಾಗಾಗಿ ಒಂದೇ ಸಲ ದೊಡ್ಡ ಬಟ್ಟಲು ಕುಡಿಯುವ ಬದಲು ಆಗಾಗ ಸ್ವಲ್ಪ ಸ್ವಲ್ಪ ಕುಡಿಯಿರಿ.

ಮೂಳೆ ಸೂಪನ್ನು ಗಂಟೆಗಟ್ಟಲೆ ಕುದಿಸಬೇಕು. ಫ್ರಿಜ್ಜಿನಲ್ಲಿಟ್ಟರೆ ಅದು ಜೆಲ್ಲಿಯಂತೆ ಅಲುಗಾಡುತ್ತದೆ. ಅದೇ ಜೆಲಟಿನ್, ಅಂದರೆ ಕುದಿಯುವಾಗ ಮೂಳೆಯಿಂದ ಸೂಪಿಗೆ ಇಳಿಯುವ ಪ್ರೋಟೀನ್. ಅದರಿಂದ ನೆಗಡಿ ಬೇಗ ಹೋಗುತ್ತದೆ ಅನ್ನುವುದಕ್ಕೆ ಪುರಾವೆಯಿಲ್ಲ. ಆದರೂ ಊಟ ಸೇರದವರಿಗೆ, ನುಂಗಲು ಗಂಟಲು ನೋಯುವವರಿಗೆ ಇದೇ ಹಿತ.

ಮೂಗು ಸೋರುತ್ತಿರುವಾಗ ಅಷ್ಟು ಹೊತ್ತು ಒಲೆ ಮುಂದೆ ನಿಲ್ಲಬೇಡಿ. ಫ್ರೀಜರಿನಲ್ಲಿ ಮೂಳೆ ಸೂಪ್ ಇದ್ದರೆ ಕುದಿಸಿ ಕುಡಿಯಿರಿ. ಇಲ್ಲವಾದರೆ ಮಾಂಸ, ತರಕಾರಿ ಹಾಕಿದ ಕೋಳಿ ಸೂಪೇ ಸರಿ, ಹೊಟ್ಟೆಯೂ ತುಂಬುತ್ತದೆ. ಬಿಪಿ ಇರುವವರು ಪ್ಯಾಕೆಟ್ ಸೂಪಿನ ಉಪ್ಪು ನೋಡಿಕೊಳ್ಳಿ. ಉಸಿರಾಡಲು ಕಷ್ಟವಾದರೆ ಸೂಪ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ.