ಕನ್ನಡ ಲಿಪಿಯ ಇಂಗ್ಲಿಷ್, 850 ಪದಗಳ ಇಂಗ್ಲಿಷ್, ಧ್ವನಿಚಿಹ್ನೆಯ ನಿಘಂಟು

ಇಂಗ್ಲಿಷ್ ಕಲಿಯಲು ನಾನು ಬಳಸಿದ ಈ ಮೂರರಲ್ಲಿ ಇಂದಿಗೂ ಬಿಡದೆ ತೆರೆಯುವುದು ಪದಗಳ ಉಚ್ಚಾರಣೆಯನ್ನು ಧ್ವನಿಚಿಹ್ನೆಗಳಲ್ಲಿ ತೋರಿಸುವ ನಿಘಂಟನ್ನು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ರಟ್ಟು ಹರಿದ ಹಳೆಯ ಪ್ರತಿ 250 ರೂಪಾಯಿಗೆ ಸಿಕ್ಕಿತು. ಕೋಲಾರದ ಬಸ್ ನಿಲ್ದಾಣದ ಬಳಿ 120 ರೂಪಾಯಿಗೆ ಕೊಂಡ, ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಕಲಿಸುವ ಪುಸ್ತಕಕ್ಕಿಂತ ಇದು ದುಬಾರಿ. ಆದರೂ ಇದನ್ನೇ ಮೊದಲು ಕೊಂಡಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು.

ನಾನು ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐ ಮುಗಿಸಿ, ನರಸಾಪುರದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿದ್ದೇನೆ. ಬಿಡಿಭಾಗಗಳ ಲೆಕ್ಕವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಲಿಪಿಯ ಪುಸ್ತಕವನ್ನು ಕಂಪನಿ ಬಸ್ಸಿನಲ್ಲಿ ಎರಡು ಬಾರಿ ಪೂರ್ತಿ ಓದಿದೆ. ಓದಲು ಬಹಳ ಸುಲಭ. ತೊಡಕು ಅಲ್ಲೇ ಇತ್ತು.

ಒಮ್ಮೆ ಫೋನಿನಲ್ಲಿ ಪುಣೆಯ ಸರಬರಾಜುದಾರರು ಎಷ್ಟು ಪೆಟ್ಟಿಗೆ ಬೇಕೆಂದು ಕೇಳಿದರು. ನಾನು ‘ಫಿಫ್ಟೀನ್’ ಎಂದೆ. ಲಾರಿಯಲ್ಲಿ ಬಂದದ್ದು ಐವತ್ತು. ಮೂವತ್ತೈದು ಪೆಟ್ಟಿಗೆಗಳನ್ನು ವಾಪಸು ಕಳುಹಿಸುವ ಕಾಗದಪತ್ರ ಮುಗಿಯಲು ಹತ್ತು ದಿನ ಹಿಡಿಯಿತು. ಪುಸ್ತಕದಲ್ಲಿದ್ದಂತೆಯೇ ಅಕ್ಷರ ತಪ್ಪದೆ ಹೇಳಿದ್ದೆನಲ್ಲ, ಎಡವಿದ್ದೆಲ್ಲಿ ಎಂದು ಆ ಹತ್ತು ದಿನವೂ ಯೋಚಿಸಿದೆ.

ಎಡವಿದ್ದು ಒತ್ತಿನಲ್ಲಿ, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ನುಡಿಯಬೇಕು ಎಂಬುದರಲ್ಲಿ. ಕನ್ನಡದಲ್ಲಿ ಬಳೆ ಬೇರೆ, ಬಾಳೆ ಬೇರೆ. ಕತೆ ಬೇರೆ, ಕತ್ತೆ ಬೇರೆ. ದೀರ್ಘ ಮತ್ತು ದ್ವಿತ್ವಗಳಿಂದ ಅರ್ಥ ಬದಲಾಗುತ್ತದೆ. ಯಾವ ಅಕ್ಷರವನ್ನು ಜೋರಾಗಿ ನುಡಿದೆವು ಎಂಬುದರಿಂದ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಬದಲಾಗುತ್ತದೆ. ಎಷ್ಟು ಎಂಬ ಪ್ರಶ್ನೆಗೆ ಉತ್ತರವಾಗಿ ಹದಿನೈದು ಎನ್ನುವಾಗ ಒತ್ತು ‘ಟೀನ್’ ಮೇಲೆ ಬೀಳಬೇಕು. ಐವತ್ತಾದರೆ ‘ಫಿಫ್’ ಮೇಲೆ. ನಾನು ಹದಿನೈದಕ್ಕೂ ‘ಫಿಫ್’ ಅನ್ನೇ ಒತ್ತಿದ್ದೆ, ಕೊನೆಯ ‘ನ್’ ಫೋನಿನ ಗದ್ದಲದಲ್ಲಿ ಕರಗಿತ್ತು. ನಮ್ಮ ಲಿಪಿಯಲ್ಲಿ ಒತ್ತಕ್ಷರವಿದೆ, ಈ ಒತ್ತಿಗೆ ಗುರುತಿಲ್ಲ. ಪುಸ್ತಕ ಬರೆದವರು ಒಂದು ಗೆರೆಯನ್ನಾದರೂ ಹಾಕಬಹುದಿತ್ತು. 200 ಪುಟಗಳಲ್ಲಿ ಎಲ್ಲಿಯೂ ಹಾಕಿಲ್ಲ. ಮರುಭೂಮಿಗೂ ಊಟದ ಕೊನೆಯ ಸಿಹಿಗೂ ಒಂದೇ ‘ಡೆಸರ್ಟ್’ ಎಂದು ಅಚ್ಚು ಮಾಡಿದ್ದಾರೆ. ಮರುಭೂಮಿಯಲ್ಲಿ ಒತ್ತು ಮೊದಲ ಭಾಗಕ್ಕೆ, ಸಿಹಿಯಲ್ಲಿ ಎರಡನೆಯ ಭಾಗಕ್ಕೆ. ಮೊದಲ ಸ್ವರವೂ ಬೇರೆಯೇ.

ನಿಘಂಟಿನಲ್ಲಿ ಒತ್ತು ಬೀಳುವ ಭಾಗ ಶುರುವಾಗುವ ಮೊದಲು ಮೇಲುಗಡೆ ಒಂದು ಸಣ್ಣ ನೆಟ್ಟ ಗೆರೆ ಇರುತ್ತದೆ. ನನಗೆ ಬೇಕಾಗಿದ್ದದ್ದು ಅದೊಂದೇ ಗೆರೆ.

ಆ ಚಿಹ್ನೆಗಳನ್ನು ನೋಡಿ ನಮ್ಮವರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಇಂಗ್ಲಿಷಿನ 26 ಅಕ್ಷರಗಳು ಸುಮಾರು 44 ಧ್ವನಿಗಳ ಕೆಲಸ ಮಾಡುತ್ತವೆ, ಗೊಂದಲವೆಲ್ಲ ಅದರಿಂದಲೇ. ಧ್ವನಿಚಿಹ್ನೆಯಲ್ಲಿ ಒಂದು ಗುರುತಿಗೆ ಒಂದು ಧ್ವನಿ. ನಮ್ಮ ವರ್ಣಮಾಲೆ ಗಂಟಲಿನ ಕ-ವರ್ಗದಿಂದ ತುಟಿಯ ಪ-ವರ್ಗಕ್ಕೆ ಬರುತ್ತದೆ. ಈ ಚಿಹ್ನೆಗಳ ಮೂಲವಾದ ಅಂತರರಾಷ್ಟ್ರೀಯ ಧ್ವನಿಲಿಪಿಯ ವ್ಯಂಜನಗಳ ಪಟ್ಟಿ ತುಟಿಯಿಂದ ಗಂಟಲಿಗೆ ಹೋಗುತ್ತದೆ. ಕಾಗುಣಿತ ಕಲಿತ ನನಗೆ ಅದು ಹದಿನೈದು ದಿನಗಳಲ್ಲಿ ಹಿಡಿತಕ್ಕೆ ಬಂತು.

ಬರವಣಿಗೆಯಲ್ಲಿ ಕನ್ನಡ ಲಿಪಿ ಕೈಕೊಡುತ್ತದೆ. ‘ನೈಫ್’ ಎಂದು ಕಲಿತವನಿಗೆ ಅದರ ಮೊದಲ ಅಕ್ಷರ ‘ಕೆ’ ಎಂದು ಹೇಗೆ ತಿಳಿಯಬೇಕು? ಬ್ರಿಟನ್ನಿನಲ್ಲೇ 1961ರಲ್ಲಿ ಮಕ್ಕಳಿಗೆ ಧ್ವನಿಗೊಂದು ಅಕ್ಷರದ ಹೊಸ ಲಿಪಿಯಲ್ಲಿ ಓದು ಕಲಿಸುವ ಪ್ರಯೋಗ ಆರಂಭವಾಯಿತು. ಅದರಲ್ಲಿ ಕಲಿತ ಹಲವರು ಮಾಮೂಲಿ ಕಾಗುಣಿತಕ್ಕೆ ಹೊರಳುವಾಗ ಕಷ್ಟಪಟ್ಟರು. ನನಗಾದದ್ದೂ ಅದೇ.

ಇನ್ನು 850 ಪದಗಳ ಇಂಗ್ಲಿಷ್. ಸಿ. ಕೆ. ಆಗ್ಡನ್ ಎಂಬವರು 1930ರಲ್ಲಿ ಪ್ರಕಟಿಸಿದ ಸರಳ ಇಂಗ್ಲಿಷ್ ಇದು. ಕ್ರಿಯಾಪದಗಳು 18 ಮಾತ್ರ. ಪಟ್ಟಿ ಪುಕ್ಕಟೆ ಸಿಗುತ್ತದೆ, ಒಂದೇ ಹಾಳೆಯಲ್ಲಿ ಹಿಡಿಸುತ್ತದೆ. ಪದಗಳು ಕಡಿಮೆಯಾದ ಮಾತ್ರಕ್ಕೆ ಹೊರೆ ಇಳಿಯಲಿಲ್ಲ. ‘ಗಿವ್’ ಗೊತ್ತು, ‘ಅಪ್’ ಗೊತ್ತು. ‘ಗಿವ್ ಅಪ್’ ಎಂದರೆ ಕೈಬಿಡುವುದು ಎಂದು ಬೇರೆಯಾಗಿಯೇ ಕಲಿಯಬೇಕು. ‘ಬಿಟ್ಟು’, ‘ಕೊಡು’ ಎರಡೂ ತಿಳಿದವನಿಗೆ ‘ಬಿಟ್ಟುಕೊಡು’ ತಾನಾಗಿ ಹೊಳೆಯುವುದಿಲ್ಲವಲ್ಲ, ಹಾಗೆ. ಅಲ್ಲದೆ ಎದುರಿನವರು 850 ಪದಗಳಲ್ಲೇ ಮಾತನಾಡುವುದಿಲ್ಲ. ಆದರೂ ಮೊದಲ ತಿಂಗಳು ಯಾವ ಪದ ಕಲಿಯಬೇಕೆಂಬ ಚಿಂತೆಯನ್ನು ಆ ಹಾಳೆ ತಪ್ಪಿಸಿತು.

ನಿಘಂಟು ಭಾರ. ಬಸ್ಸಿಗೆ ಒಯ್ಯಲಾಗುವುದಿಲ್ಲ. ರಾತ್ರಿ ಊಟವಾದ ಮೇಲೆ ಐದು ಪದಗಳನ್ನು ಗೆರೆಯ ಸಮೇತ ಚೀಟಿಯಲ್ಲಿ ಬರೆದುಕೊಂಡು ಬೆಳಿಗ್ಗೆ ಜೇಬಿಗೆ ಹಾಕಿಕೊಳ್ಳುತ್ತೇನೆ. ಪ್ರತಿದಿನ ಬರೆಯುವ ಅಭ್ಯಾಸ ಇಲ್ಲದವರಿಗೆ ಇದನ್ನು ಕೊಳ್ಳಿ ಎನ್ನಲಾರೆ. ತಿಂಗಳಿಗೆ 2,000 ರೂಪಾಯಿ ಕೊಟ್ಟು ತರಗತಿಗೆ ಹೋಗುವ ಶಕ್ತಿ ನನಗಿಲ್ಲ. ಹೋಗುವವರಿಗೆ ಇದು ಬೇಕಾಗಲಿಕ್ಕಿಲ್ಲ.

ಕನ್ನಡ ಲಿಪಿಯ ಪುಸ್ತಕವನ್ನು ನಮ್ಮ ಅಕ್ಕನ ಮಗಳು ಕೇಳಿದ್ದಾಳೆ. ಹಾಗೆಯೇ ಕೊಡಲು ಮನಸ್ಸಾಗಲಿಲ್ಲ. ನಿಘಂಟು ನೋಡಿಕೊಂಡು ಪ್ರತಿ ಪದದ ಒತ್ತಿಗೂ ಕೆಂಪು ಪೆನ್ಸಿಲಿನಿಂದ ಗೆರೆ ಹಾಕುತ್ತಿದ್ದೇನೆ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳನ್ನೂ ಬರೆಯುತ್ತಿದ್ದೇನೆ. ನಿನ್ನೆಗೆ 64ನೆಯ ಪುಟ ಮುಗಿಯಿತು.