ಪುರುಸೊತ್ತು ಕಡಿಮೆ ಇದ್ದರೆ ನಡಿಗೆಯೋ, ಸ್ನಾಯು ವ್ಯಾಯಾಮವೋ?

ಕುಂಬಳೆಯಿಂದ ದಿನಾ ಮಂಗಳೂರಿಗೆ ರೈಲಿನಲ್ಲಿ ಹೋಗಿಬರುವವರಿಗೆ ಎರಡಕ್ಕೂ ಹೊತ್ತು ಸಿಗುವುದಿಲ್ಲ, ಅಲ್ವಾ? ನಡಿಗೆ ಹೃದಯಕ್ಕೆ, ಬಿಪಿಗೆ, ಶುಗರಿಗೆ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಅನ್ನುತ್ತದೆ, ಅದನ್ನು ಸ್ಟೇಷನ್ನಿಗೆ ಆಟೋ ಬಿಟ್ಟು ಬೇಗ ಬೇಗ ನಡೆದು ಸ್ವಲ್ಪ ಸ್ವಲ್ಪವಾಗಿ ಸೇರಿಸಿಕೊಳ್ಳಬಹುದು. ಸ್ನಾಯು ವ್ಯಾಯಾಮ ಹಾಗೆ ದಾರಿಯಲ್ಲಿ ಆಗಿಹೋಗುವುದಿಲ್ಲ. ಆದರೆ ವಾರಕ್ಕೆ 2 ದಿನ ಮಾಡಿದರೂ ಸಾಕು, ಜಿಮ್ ಬೇಡ, ಜೋರು ಮಳೆಯಲ್ಲೂ ಜಗಲಿಯಲ್ಲೇ ಆಗುತ್ತದೆ: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತು, ಆಮೇಲೆ ಗೋಡೆಗೆ ಕೈಯಿಟ್ಟು ಪುಶ್‌ಅಪ್ ಮಾಡಿ. ವಯಸ್ಸಾದ ಮೇಲೆ ಬೀಳದಂತೆ ಕಾಯುವುದು ಕಾಲಿನ ಬಲ. ಅದಕ್ಕೇ ನಾನಾದರೆ ಸಿಕ್ಕ ಬಿಡುವನ್ನು ಇದಕ್ಕೆ ಕೊಡುತ್ತೇನೆ. ನಿದ್ದೆ ಮಾತ್ರ ಕತ್ತರಿಸಬೇಡಿ, 7 ಗಂಟೆ ಬೇಕೇ ಬೇಕು.