ಫ್ರೀಬಿಎಸ್‌ಡಿಯ ಹೊಸ ಗ್ರೆಪ್: ಕಾಲು, ಕೀಲು, ಕೋಲು

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕುಳಿತರೆ ನನ್ನ ಮೊದಲ ಕೆಲಸ ಗ್ರೆಪ್, ಅಂದರೆ ಕಡತಗಳೊಳಗೆ ಪದ ಹುಡುಕುವ ಆದೇಶ. ಅನುವಾದದಲ್ಲಿ ತೊಡಕಿನ ಪದ ಬಂದಾಗ, ಹಿಂದೆ ಅದನ್ನು ಎಲ್ಲೆಲ್ಲಿ ಹೇಗೆ ಬಳಸಿದ್ದೆ ಎಂದು ವರ್ಷಗಳಿಂದ ಕೂಡಿಟ್ಟ ಪಠ್ಯ ಕಡತಗಳಲ್ಲಿ ಹುಡುಕುತ್ತೇನೆ. ಲ್ಯಾಪ್‌ಟಾಪ್ ಹಳೆಯದು, ಹೊಸದಕ್ಕೆ ಹಣ ಎತ್ತಿಟ್ಟಿಲ್ಲ. ಹಾಗಾಗಿ ಹುಡುಕಾಟ ನಿಧಾನವಾದರೆ ತಕ್ಷಣ ಗೊತ್ತಾಗುತ್ತದೆ.

2021ರಲ್ಲಿ ನನ್ನ ಕಾರ್ಯಾಚರಣೆ ವ್ಯವಸ್ಥೆಯಾದ ಫ್ರೀಬಿಎಸ್‌ಡಿಯ 13.0 ಹಾಕಿಕೊಂಡಾಗ ಗೊತ್ತಾಯಿತು. ಆ ಆವೃತ್ತಿಯಲ್ಲಿ ಗ್ನು ಯೋಜನೆಯ ಹಳೆಯ ಗ್ನು ಗ್ರೆಪ್ ಅನ್ನು ತೆಗೆದು ಬಿಎಸ್‌ಡಿ ಬಳಗದ್ದೇ ಆದ ಬಿಎಸ್‌ಡಿ ಗ್ರೆಪ್ ಇಟ್ಟಿದ್ದರು. ಕಾರಣ ಪರವಾನಗಿ: 2007ರಲ್ಲಿ ಗ್ನು ತಂತ್ರಾಂಶಗಳ ಪರವಾನಗಿ ಜಿಪಿಎಲ್‌ನ ಮೂರನೇ ಆವೃತ್ತಿ ಬಂದ ಮೇಲೆ, ಅದರ ಷರತ್ತುಗಳು ಫ್ರೀಬಿಎಸ್‌ಡಿಗೆ ಒಪ್ಪಿಗೆಯಾಗದೆ ಹೊಸ ಗ್ನು ಗ್ರೆಪ್ ಮೂಲ ವ್ಯವಸ್ಥೆಯೊಳಗೆ ಬರಲಿಲ್ಲ, ಅಲ್ಲಿದ್ದ 2.5.1 ಹಾಗೇ ಹಳತಾಯಿತು. 2010ರಲ್ಲೇ ಬದಲಿಸಲು ಹೋಗಿ, ವೇಗ ಸಾಲದೆ ಹಿಂದೆ ಸರಿದಿದ್ದರು. ಗ್ನು ಗ್ರೆಪ್‌ನ ಮೂಲ ಲೇಖಕ ಮೈಕ್ ಹೇರ್ಟಲ್ ಆಗ ಗುಟ್ಟನ್ನು ವಿವರಿಸಿದ್ದರು: ಅದು ಪ್ರತಿ ಬೈಟನ್ನೂ ನೋಡುವುದಿಲ್ಲ, ಕಡತವನ್ನು ಸಾಲು ಸಾಲಾಗಿ ಒಡೆಯುವುದೂ ಇಲ್ಲ. ಬಿಎಸ್‌ಡಿ ಗ್ರೆಪ್ ಸಾಲು ಸಾಲಾಗಿಯೇ ಓದುತ್ತದೆ. ದೊಡ್ಡ ಕಡತಗಳ ಮೇಲೆ ಅದು ನನ್ನನ್ನು ಕಾಯಿಸಿತು, ಮೊದಲ ತಿಂಗಳು ಪೂರ್ತಿ ನನಗೆ ಸಿಟ್ಟಿತ್ತು.

ಹಳೆಯ ಗ್ರೆಪ್‌ಗೆ ಕನ್ನಡ ಪಠ್ಯವನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ವಿಧಾನ ಭಾರವಾಗುತ್ತಿತ್ತು. ಅದಕ್ಕೇ ಲೊಕೇಲ್ ಅನ್ನು, ಅಂದರೆ ಭಾಷೆ-ಅಕ್ಷರಗಳ ಸಂಯೋಜನೆಯನ್ನು, ಬರೀ ಬೈಟ್ ನೋಡುವ 'ಸಿ'ಗೆ ಇಳಿಸಿ ಹುಡುಕುವುದು ನನ್ನ ರೂಢಿ. ಗ್ರೆಪ್‌ನಲ್ಲಿ ಚುಕ್ಕಿ ಎಂದರೆ 'ಯಾವುದಾದರೂ ಒಂದು'; 'ಸಿ'ಯಲ್ಲಿ ಅದು ಒಂದು ಬೈಟ್, ಕನ್ನಡದ ಒಂದು ಚಿಹ್ನೆಗೆ ಮೂರು ಚುಕ್ಕಿ ಬೇಕು. ಹೊಸ ಗ್ರೆಪ್‌ನಿಂದ ವೇಗ ಹೇಗೂ ಹೋಯಿತಲ್ಲ ಎಂದು ಆ ರೂಢಿಯನ್ನು ಬಿಟ್ಟೆ; ಈಗ ಚುಕ್ಕಿ ಎಂದರೆ ಒಂದು ಪೂರ್ತಿ ಚಿಹ್ನೆ. ಒಂದು ಬೆಳಿಗ್ಗೆ 'ಕ', ಒಂದು ಚುಕ್ಕಿ, 'ಲು' ಎಂದು ಬರೆದು ಒತ್ತಿದೆ. ಕಾಲು, ಕೀಲು, ಕೋಲು ಮೂರೂ ಬಣ್ಣ ಹಚ್ಚಿಕೊಂಡು ಒಂದರ ಕೆಳಗೊಂದು ಬಂದವು. ದೀರ್ಘವೋ ಹ್ರಸ್ವವೋ ಮರೆತ ಪದಗಳನ್ನು ಇಷ್ಟು ಸಲೀಸಾಗಿ ಹಿಡಿಯಬಹುದು ಎಂದು ಅಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಅಂದಿನಿಂದ ಪ್ರತಿದಿನ ಹೀಗೆಯೇ ಹುಡುಕುತ್ತೇನೆ.

ಒಂದು ಕೊರತೆ ಮಾತ್ರ ನಿಜಕ್ಕೂ ನೋಯಿಸುತ್ತದೆ. ನನ್ನ ಕೆಲವು ಹಳೆಯ ಕಡತಗಳಲ್ಲಿ 'ಕೋ'ದ ಓಕಾರ ಮೂರು ಚಿಹ್ನೆಗಳಾಗಿ ಒಡೆದು ಕುಳಿತಿದೆ. ಪರದೆಯ ಮೇಲೆ ವ್ಯತ್ಯಾಸ ಕಾಣದು, ಆದರೆ ಆ 'ಕೋಲು' ಚುಕ್ಕಿಗೆ ಸಿಗುವುದಿಲ್ಲ. ಗ್ನು ಗ್ರೆಪ್ ಕೂಡ ಇದನ್ನು ಸರಿಮಾಡಿಕೊಳ್ಳುವುದಿಲ್ಲ, ಹಾಗಾಗಿ ಹೊಸದನ್ನಷ್ಟೇ ದೂರಲಾರೆ. ಐಸಿಯು ಎಂಬ ಯುನಿಕೋಡ್ ತಂತ್ರಾಂಶದ ಯೂಕಾನ್ವ್ ಆದೇಶ ಬಳಸಿ ಎಲ್ಲ ಕಡತಗಳನ್ನೂ ಒಮ್ಮೆ, ಒಡೆದ ಚಿಹ್ನೆಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಳ್ಳಿ, ತೊಂದರೆ ಮುಗಿಯುತ್ತದೆ.

ದಿನವಿಡೀ ಭಾರಿ ಲಾಗ್ ಕಡತಗಳನ್ನು ಜಾಲಾಡುವವರು ಪ್ಯಾಕೇಜ್ ಸಂಗ್ರಹದಿಂದ ಗ್ನು ಗ್ರೆಪ್ ಅನ್ನೋ ರಿಪ್‌ಗ್ರೆಪ್ ಎಂಬ ಇನ್ನೊಂದು ಹುಡುಕು ಸಾಧನವನ್ನೋ ಹಾಕಿಕೊಳ್ಳಲಿ. ನಾನು ಎರಡನ್ನೂ ಹಾಕಿಕೊಂಡಿಲ್ಲ.